ದ್ರವ ಸಾರಜನಕದಲ್ಲೇ ಅತಿವಾಹಕ ಸಿಗುವಾಗ ವೇಗವರ್ಧಕಕ್ಕೆ ದ್ರವ ಹೀಲಿಯಂ ಏಕೆ?

ಪ್ರಶ್ನೆ: ಅತಿವಾಹಕದಲ್ಲಿ ವಿದ್ಯುತ್ತಿಗೆ ರೋಧವೇ ಇರುವುದಿಲ್ಲ ಎಂದು ನಮ್ಮ ಬಿ.ಎಸ್ಸಿ. ಪಠ್ಯದಲ್ಲಿದೆ. ಹಾಗಿದ್ದರೆ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿಯಂಥ ಕಣ ವೇಗವರ್ಧಕಕ್ಕೆ ಅಷ್ಟೊಂದು ವಿದ್ಯುತ್ ಏಕೆ ಬೇಕು? 77 ಕೆಲ್ವಿನ್‌ನ ದ್ರವ ಸಾರಜನಕದಲ್ಲೇ ಅತಿವಾಹಕವಾಗುವ ವಸ್ತುಗಳು 1987ರಿಂದ ಗೊತ್ತಿರುವಾಗ, 1.9 ಕೆಲ್ವಿನ್‌ವರೆಗೆ ತಣಿಸುವ ಕಷ್ಟವನ್ನು ಏಕೆ ಪಡುತ್ತಾರೆ? ಕೋಣೆಯ ತಾಪಮಾನದ ಅತಿವಾಹಕ ಸಿಕ್ಕರೆ ಈ ಯಂತ್ರಗಳು ಅಗ್ಗವಾಗುತ್ತವೆಯೇ? ನಮ್ಮ ದೇಶದಲ್ಲಿ ಈ ಕೆಲಸ ಎಲ್ಲಿ ನಡೆಯುತ್ತಿದೆ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಎರಡನೆಯದನ್ನು ಬಿಡಿಸಿಕೊಂಡರೆ ಉಳಿದವುಗಳ ಗಂಟು ತಾನಾಗಿಯೇ ಸಡಿಲವಾಗುತ್ತದೆ. ವೇಗವರ್ಧಕದ ಕಾಂತವನ್ನು ಕಟ್ಟುವವರು ಒಂದು ವಸ್ತು ಯಾವ ತಾಪಮಾನದಲ್ಲಿ ಅತಿವಾಹಕವಾಗುತ್ತದೆ ಎಂಬುದನ್ನು ಮೊದಲು ಕೇಳುವುದಿಲ್ಲ. ತೀವ್ರವಾದ ಕಾಂತಕ್ಷೇತ್ರದ ನಡುವೆ ನಿಂತು ಅದು ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ಆಂಪಿಯರ್ ಹೊರಬಲ್ಲದು, ಕಿಲೋಮೀಟರುಗಟ್ಟಲೆ ಉದ್ದದ ತಂತಿಯಾಗಿ ಎಳೆಯಲು ಒಗ್ಗುತ್ತದೆಯೇ, ಸುರುಳಿ ಸುತ್ತುವಾಗ ಮುರಿಯದೆ ಉಳಿಯುತ್ತದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ಅತಿವಾಹಕತೆ ಹಠಾತ್ತನೆ ಕೈಬಿಟ್ಟಾಗ ಸುಟ್ಟುಹೋಗದೆ ಪಾರಾಗುತ್ತದೆಯೇ ಎಂಬುದನ್ನು ಕೇಳುತ್ತಾರೆ. ರೋಧ ಸೊನ್ನೆಯಾಗುವುದು ಈ ಕೆಲಸದ ಮೊದಲ ಮೆಟ್ಟಿಲು ಮಾತ್ರ. ಆ ಮೆಟ್ಟಿಲನ್ನು ಏರಿದ ವಸ್ತುಗಳು ಸಾವಿರಾರು ಇವೆ. ದೊಡ್ಡ ವೇಗವರ್ಧಕದ ಮುಖ್ಯ ಕಾಂತಗಳ ಸುರುಳಿಯಾಗಿ ಇಂದಿನವರೆಗೆ ದುಡಿದಿರುವುದು ಬಹುಮಟ್ಟಿಗೆ ಒಂದೇ ಒಂದು, ನಯೋಬಿಯಂ-ಟೈಟಾನಿಯಂ ಮಿಶ್ರಲೋಹ.

ಕಾಂತಕ್ಷೇತ್ರ ಅಷ್ಟು ತೀವ್ರವಾಗಿರಬೇಕಾದ ಅಗತ್ಯವೇನು ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೀವೇ ಕಂಡುಕೊಳ್ಳಬಹುದು. ವೃತ್ತಾಕಾರದ ಯಂತ್ರದಲ್ಲಿ ಓಡುವ ಪ್ರೋಟಾನಿನ ಸಂವೇಗವನ್ನು ಗಿಗಾ ಎಲೆಕ್ಟ್ರಾನ್‌ವೋಲ್ಟ್‌ಗಳ ಲೆಕ್ಕದಲ್ಲಿ ಹೇಳಿದರೆ, ಅದು 0.3ರಿಂದ ಗುಣಿಸಿದ ಕಾಂತಕ್ಷೇತ್ರ ಮತ್ತು ಪಥದ ಬಾಗಿನ ತ್ರಿಜ್ಯಗಳ ಗುಣಲಬ್ಧಕ್ಕೆ ಸಮ. ಕ್ಷೇತ್ರವನ್ನು ಟೆಸ್ಲಾದಲ್ಲೂ ತ್ರಿಜ್ಯವನ್ನು ಮೀಟರಿನಲ್ಲೂ ತೆಗೆದುಕೊಳ್ಳಬೇಕು. ಎಲ್‌ಎಚ್‌ಸಿಯಲ್ಲಿ ಪ್ರೋಟಾನ್‌ಗಳನ್ನು ಬಾಗಿಸುವ ದ್ವಿಧ್ರುವ ಕಾಂತಗಳೊಳಗೆ ಬಾಗಿನ ತ್ರಿಜ್ಯ 2804 ಮೀಟರ್, ವಿನ್ಯಾಸದ ಕ್ಷೇತ್ರ 8.33 ಟೆಸ್ಲಾ. ಮೂರನ್ನೂ ಗುಣಿಸಿದರೆ ಸುಮಾರು 7000, ಅಂದರೆ ಆ ಯಂತ್ರದ ವಿನ್ಯಾಸದ ಗುರಿಯಾದ 7 ಟೆರಾ ಎಲೆಕ್ಟ್ರಾನ್‌ವೋಲ್ಟ್ ಬರುತ್ತದೆ. ಇದೇ ಕೆಲಸವನ್ನು ತಾಮ್ರದ ಸುರುಳಿ ಮತ್ತು ಕಬ್ಬಿಣದ ತಿರುಳಿನ ಸಾಧಾರಣ ವಿದ್ಯುತ್ಕಾಂತದಿಂದ ಮಾಡಿಸಲು ಹೊರಟರೆ, ಕಬ್ಬಿಣವು 2 ಟೆಸ್ಲಾದ ಆಸುಪಾಸಿನಲ್ಲೇ ಸಂತೃಪ್ತವಾಗುವುದರಿಂದ, ಈಗ ಸುಮಾರು 27 ಕಿಲೋಮೀಟರ್ ಇರುವ ಸುರಂಗದ ಸುತ್ತಳತೆ 120 ಕಿಲೋಮೀಟರನ್ನು ಮುಟ್ಟಬೇಕಾಗುತ್ತಿತ್ತು. ಆದರೆ ಆ ಸುರಂಗ ಮೊದಲೇ ಕೊರೆದದ್ದು. 2000ದಲ್ಲಿ ಕೆಲಸ ನಿಲ್ಲಿಸಿದ ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರ ಎಲ್‌ಇಪಿಗಾಗಿ ತೋಡಿದ ಸುರಂಗವದು. ತ್ರಿಜ್ಯವನ್ನು ಬದಲಿಸುವಂತಿರಲಿಲ್ಲ, ಏರಿಸಲು ಉಳಿದದ್ದು ಕಾಂತಕ್ಷೇತ್ರವೊಂದೇ.

ಅತಿವಾಹಕತೆಯ ಚರಿತ್ರೆಯಲ್ಲಿ ಕಾಂತಕ್ಷೇತ್ರವೇ ಮೊದಲಿನಿಂದಲೂ ಅಡ್ಡಗಾಲಾಗಿ ಬಂದಿದೆ. 1908ರಲ್ಲಿ ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದ ಡಚ್ ವಿಜ್ಞಾನಿ ಹೈಕೆ ಕಾಮರ್ಲಿಂಗ್ ಓನ್ನೆಸ್, 1911ರಲ್ಲಿ ಲೈಡನ್ನಿನ ತಮ್ಮ ಪ್ರಯೋಗಾಲಯದಲ್ಲಿ 4.2 ಕೆಲ್ವಿನ್ ಸಮೀಪ ಪಾದರಸದ ರೋಧ ಇದ್ದಕ್ಕಿದ್ದಂತೆ ಮಾಯವಾಗುವುದನ್ನು ಕಂಡರು. ಎರಡೇ ವರ್ಷಗಳಲ್ಲಿ ಅವರು ಸೀಸದ ಸುರುಳಿಯಿಂದ 10 ಟೆಸ್ಲಾದ ಕಾಂತವನ್ನು ಕಟ್ಟಬಹುದೆಂದು ಯೋಚಿಸಿದ್ದರು. ಆ ಯೋಚನೆ ನಡೆಯಲಿಲ್ಲ, ಏಕೆಂದರೆ ಸೀಸದ ಅತಿವಾಹಕತೆಯು 0.1 ಟೆಸ್ಲಾಕ್ಕಿಂತಲೂ ಕಡಿಮೆ ಕ್ಷೇತ್ರದಲ್ಲೇ ನಾಶವಾಗುತ್ತದೆ. ಸುರುಳಿಯು ತಾನೇ ಹುಟ್ಟಿಸಿದ ಕ್ಷೇತ್ರದಲ್ಲಿ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಓನ್ನೆಸ್ ಕಂಡ ಕನಸು ಅರ್ಧ ಶತಮಾನ ಕಾಯಬೇಕಾಯಿತು. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕುನ್ಜ್‌ಲರ್ ಮತ್ತು ಸಂಗಡಿಗರು ನಯೋಬಿಯಂ-ತವರದ ಸಂಯುಕ್ತವು 8.8 ಟೆಸ್ಲಾ ಕ್ಷೇತ್ರದಲ್ಲೂ ಅಪಾರ ವಿದ್ಯುತ್ತನ್ನು ರೋಧವಿಲ್ಲದೆ ಹೊರುವುದನ್ನು ತೋರಿಸಿದ ಮೇಲೆಯೇ ಅತಿವಾಹಕ ಕಾಂತಗಳ ಯುಗ ತೆರೆದುಕೊಂಡಿತು.

ಸೀಸಕ್ಕೂ ಈ ವಸ್ತುಗಳಿಗೂ ಇರುವ ವ್ಯತ್ಯಾಸವನ್ನು ಪಠ್ಯಪುಸ್ತಕಗಳು ಒಂದನೆಯ ಬಗೆ, ಎರಡನೆಯ ಬಗೆ ಎಂದು ಹೇಳಿ ಮುಂದೆ ಸಾಗುತ್ತವೆ. ನಮ್ಮ ವಿಷಯಕ್ಕೆ ಇದು ಪ್ರಾಣದಷ್ಟು ಮುಖ್ಯವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಒಂದನೆಯ ಬಗೆಯ ವಸ್ತು ಕಾಂತಕ್ಷೇತ್ರವನ್ನು ಪೂರ್ತಿಯಾಗಿ ಹೊರಗಿಡುತ್ತದೆ, ಹೊರಗಿಡಲಾಗದಷ್ಟು ಕ್ಷೇತ್ರ ಏರಿದಾಗ ಪೂರ್ತಿಯಾಗಿ ಶರಣಾಗುತ್ತದೆ. ಎರಡನೆಯ ಬಗೆಯ ವಸ್ತುವಾದರೋ, ರಷ್ಯಾದ ಅಬ್ರಿಕೊಸೊವ್ 1957ರಲ್ಲಿ ಪ್ರಕಟಿಸಿದ ಸಿದ್ಧಾಂತ ಹೇಳುವಂತೆ, ಕ್ಷೇತ್ರವನ್ನು ಸಣ್ಣ ಸಣ್ಣ ಸುಳಿಗಳ ರೂಪದಲ್ಲಿ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರತಿ ಸುಳಿಯ ನಡುವಿನ ಸಪೂರವಾದ ಭಾಗ ಮಾತ್ರ ಸಾಧಾರಣ ಲೋಹವಾಗಿರುತ್ತದೆ, ಸುತ್ತಲಿನದೆಲ್ಲ ಅತಿವಾಹಕವಾಗಿಯೇ ಉಳಿಯುತ್ತದೆ. ತೊಂದರೆಯೆಂದರೆ, ವಸ್ತುವಿನಲ್ಲಿ ವಿದ್ಯುತ್ ಹರಿದಾಗ ಈ ಸುಳಿಗಳ ಮೇಲೆ ಬಲ ಬೀಳುತ್ತದೆ, ಅವು ಸರಿದಾಡಿದರೆ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ, ಅಂದರೆ ರೋಧ ಮರಳಿ ಬರುತ್ತದೆ. ಆದ್ದರಿಂದ ಸುಳಿಗಳನ್ನು ಇದ್ದಲ್ಲೇ ಹಿಡಿದು ನಿಲ್ಲಿಸಬೇಕು. ನಯೋಬಿಯಂ-ಟೈಟಾನಿಯಂ ತಂತಿಯನ್ನು ಹಲವು ಬಾರಿ ಕಾಯಿಸಿ, ತಣ್ಣಗೆ ಎಳೆದು, ಮತ್ತೆ ಕಾಯಿಸುವಾಗ ಅದರೊಳಗೆ ಟೈಟಾನಿಯಂ ಹೆಚ್ಚಾಗಿರುವ ಸೂಕ್ಷ್ಮ ಪದರಗಳು ಒಡಮೂಡುತ್ತವೆ; ಸುಳಿಗಳು ಅವುಗಳಲ್ಲಿ ಸಿಕ್ಕಿ ನಿಲ್ಲುತ್ತವೆ. ಅತಿಶುದ್ಧವಾದ, ದೋಷರಹಿತವಾದ ಹರಳು ಈ ಕೆಲಸಕ್ಕೆ ನಿರುಪಯೋಗಿ. ಲೆಕ್ಕವಿಟ್ಟು ತುಂಬಿದ ದೋಷಗಳೇ ಈ ತಂತಿಯ ಶಕ್ತಿ ಎನ್ನುವುದು ವಸ್ತುವಿಜ್ಞಾನದ ವಿದ್ಯಾರ್ಥಿಗಳಿಗೆ ನಾನು ಎಷ್ಟು ಸಲ ಹೇಳಿದರೂ ಸಾಕೆನಿಸದ ಮಾತು.

ಎಲ್‌ಎಚ್‌ಸಿಯ ಕೇಬಲ್‌ನ ತುಂಡೊಂದನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೊರಗಣ್ಣಿಗೆ ಕಾಣುವುದು ಬರಿಯ ತಾಮ್ರ. 28 ಅಥವಾ 36 ಎಳೆಗಳನ್ನು ಓರೆಯಾಗಿ ಹೊಸೆದು ಚಪ್ಪಟೆಯಾಗಿ ಒತ್ತಿದ ಪಟ್ಟಿ ಅದು; ಇಂಗ್ಲೆಂಡಿನ ರುದರ್‌ಫರ್ಡ್ ಪ್ರಯೋಗಾಲಯದಲ್ಲಿ ರೂಪುಗೊಂಡ ವಿನ್ಯಾಸವಾದ್ದರಿಂದ ಅದಕ್ಕೆ ರುದರ್‌ಫರ್ಡ್ ಕೇಬಲ್ ಎಂದೇ ಹೆಸರು. ಪ್ರತಿ ಎಳೆಯ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಒಂದು ಎಳೆಯ ತುದಿಯನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿ ತಾಮ್ರವನ್ನು ಕರಗಿಸಿದರೆ ಒಳಗಿನಿಂದ 6-7 ಮೈಕ್ರೋಮೀಟರ್ ದಪ್ಪದ, ಆರು ಸಾವಿರಕ್ಕೂ ಮಿಕ್ಕಿದ ನಯೋಬಿಯಂ-ಟೈಟಾನಿಯಂ ತಂತುಗಳು ಬಿಚ್ಚಿಕೊಳ್ಳುತ್ತವೆ. ಅಷ್ಟು ಸಪೂರ ಮಾಡಲು ಕಾರಣಗಳಿವೆ. ತಂತು ದಪ್ಪವಾದಷ್ಟೂ ಅದರೊಳಗೆ ಸಿಕ್ಕಿಬಿದ್ದ ಕಾಂತಪ್ರವಾಹ ಒಮ್ಮೆಲೇ ನುಗ್ಗಿ ಶಾಖ ಹುಟ್ಟಿಸುವ ಅಪಾಯ ಹೆಚ್ಚು. ಜೊತೆಗೆ ತಂತುಗಳೊಳಗೆ ಆರದೆ ಸುತ್ತುತ್ತಲೇ ಇರುವ ಪ್ರವಾಹಗಳು ಕ್ಷೇತ್ರದ ಅಚ್ಚುಕಟ್ಟನ್ನು ಕೆಡಿಸುತ್ತವೆ. ಪ್ರೋಟಾನ್‌ಗಳು 450 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಯಂತ್ರವನ್ನು ಹೊಕ್ಕುವಾಗ ಕ್ಷೇತ್ರವು ಸುಮಾರು ಅರ್ಧ ಟೆಸ್ಲಾ ಮಾತ್ರ ಇರುತ್ತದೆ. ಆ ಹೊತ್ತಿನಲ್ಲಿ ಈ ಕೆಡುಕು ಅತಿ ಹೆಚ್ಚು ಬಾಧಿಸುತ್ತದೆ. ಇನ್ನು ತಾಮ್ರ ಅಲಂಕಾರಕ್ಕೆ ಇರುವುದಲ್ಲ. ಅತಿವಾಹಕ ಸೋತ ಕ್ಷಣದಲ್ಲಿ 11,850 ಆಂಪಿಯರ್ ವಿದ್ಯುತ್ತನ್ನು ಕೈಗೆತ್ತಿಕೊಂಡು ತಂತುಗಳನ್ನು ಉಳಿಸುವುದು ಅದೇ ತಾಮ್ರ. ಆಸ್ಪತ್ರೆಗಳ ಎಂಆರ್‌ಐ ಯಂತ್ರದ ಸುರುಳಿಯೂ ಇದೇ ಮಿಶ್ರಲೋಹದ್ದು. 1983ರಲ್ಲಿ ಅಮೆರಿಕದ ಫರ್ಮಿ ಪ್ರಯೋಗಾಲಯದಲ್ಲಿ ಓಡಲಾರಂಭಿಸಿದ ಟೆವಟ್ರಾನ್ ಎಂಬ ವೇಗವರ್ಧಕಕ್ಕಾಗಿ ಈ ತಂತಿಯನ್ನು ಟನ್ನುಗಟ್ಟಲೆ ಎಳೆಯುವ ವಿದ್ಯೆಯನ್ನು ಕಾರ್ಖಾನೆಗಳು ಕಲಿತದ್ದರ ಫಲ ಇಂದು ರೋಗಿಗಳಿಗೂ ದಕ್ಕುತ್ತಿದೆ.

ಈಗ 1.9 ಕೆಲ್ವಿನ್ ಮಾತಿಗೆ ಬರೋಣ. ನಯೋಬಿಯಂ-ಟೈಟಾನಿಯಂ 9 ಕೆಲ್ವಿನ್‌ಗಿಂತ ತುಸು ಮೇಲೆಯೇ ಅತಿವಾಹಕವಾಗುತ್ತದೆ. ಸಾಧಾರಣ ದ್ರವ ಹೀಲಿಯಂನ 4.2 ಕೆಲ್ವಿನ್ ಸಾಕಲ್ಲವೇ ಎಂದು ಕೇಳುವುದು ನ್ಯಾಯವೇ. ಟೆವಟ್ರಾನ್‌ಗೆ ಅದು ಸಾಕಾಗಿತ್ತು, ಏಕೆಂದರೆ ಅದರ ಕ್ಷೇತ್ರ 4 ಟೆಸ್ಲಾ ಆಸುಪಾಸಿನದು. ಆದರೆ ತಾಪಮಾನ, ಕಾಂತಕ್ಷೇತ್ರ ಮತ್ತು ವಿದ್ಯುತ್ತಿನ ಸಾಂದ್ರತೆ ಈ ಮೂರೂ ಒಂದರ ಪಾಲನ್ನು ಇನ್ನೊಂದು ಕಬಳಿಸುತ್ತವೆ. ಒಂದನ್ನು ಏರಿಸಬೇಕಾದರೆ ಇನ್ನೊಂದನ್ನು ಇಳಿಸಲೇಬೇಕು. 4.2ರಿಂದ 1.9ಕ್ಕೆ ಇಳಿಸಿದಾಗ ಅಷ್ಟೇ ವಿದ್ಯುತ್ತನ್ನು ಹೊರುತ್ತಲೇ ಸುಮಾರು 3 ಟೆಸ್ಲಾ ಹೆಚ್ಚಿನ ಕ್ಷೇತ್ರವನ್ನು ತಾಳುವ ಸಾಮರ್ಥ್ಯ ಈ ತಂತಿಗೆ ಬರುತ್ತದೆ. ಎರಡನೆಯ ಲಾಭವನ್ನು ಹೀಲಿಯಂ ತಾನಾಗಿ ತಂದುಕೊಡುತ್ತದೆ. 2.17 ಕೆಲ್ವಿನ್‌ಗಿಂತ ಕೆಳಗೆ ಅದು ಸೂಪರ್‌ಫ್ಲೂಯಿಡ್ ಆಗುತ್ತದೆ, ಅಂದರೆ ಜಿಗುಟುತನವನ್ನು ಕಳೆದುಕೊಂಡು ಸುರುಳಿಯ ಸಂದುಗೊಂದುಗಳೊಳಗೆಲ್ಲ ನುಸುಳುತ್ತದೆ ಮತ್ತು ಶಾಖವನ್ನು ಯಾವ ಲೋಹವೂ ಒಯ್ಯಲಾರದಷ್ಟು ಸಲೀಸಾಗಿ ಒಯ್ಯುತ್ತದೆ. ಈ ಎರಡನೆಯ ಗುಣ ಎಷ್ಟು ಅಮೂಲ್ಯವೆಂಬುದು ತಾಮ್ರದ ವಿಶಿಷ್ಟೋಷ್ಣವನ್ನು ನೋಡಿದರೆ ತಿಳಿಯುತ್ತದೆ: ಕೋಣೆಯ ತಾಪಮಾನದಲ್ಲಿ ಇರುವುದರ ಕೆಲವು ಸಾವಿರದಲ್ಲಿ ಒಂದು ಪಾಲು ಮಾತ್ರ 4 ಕೆಲ್ವಿನ್‌ನಲ್ಲಿ ಉಳಿದಿರುತ್ತದೆ. ಹಾಗಾಗಿ ಅಲ್ಲಿ ಮಿಲಿಜೂಲ್‌ಗಳಷ್ಟು ಶಾಖ ಬಿದ್ದರೂ ತಂತಿ ತನ್ನ ಮಿತಿಯನ್ನು ದಾಟಿಬಿಡಬಲ್ಲದು.

ಮಿತಿ ದಾಟಿದಾಗ ಆಗುವುದನ್ನು ಕ್ವೆಂಚ್ ಎನ್ನುತ್ತಾರೆ. ಪೂರ್ಣ ಕ್ಷೇತ್ರದಲ್ಲಿ ಕಾಂತದ ಪ್ರತಿ ಮೀಟರ್ ಉದ್ದಕ್ಕೆ ನೂರಾರು ಟನ್ ಭಾರಕ್ಕೆ ಸಮನಾದ ಬಲ ಸುರುಳಿಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಅದನ್ನು ಉಕ್ಕಿನ ಪಟ್ಟಿಗಳು ಬಿಗಿಹಿಡಿದಿದ್ದರೂ ಎಲ್ಲೋ ಒಂದು ಎಳೆ ಕೆಲವು ಮೈಕ್ರೋಮೀಟರ್ ಸರಿದರೆ, ಆ ಉಜ್ಜಾಟದ ಶಾಖಕ್ಕೇ ಆ ಜಾಗ ಸಾಧಾರಣ ಲೋಹವಾಗುತ್ತದೆ, ಅಲ್ಲಿ ಹುಟ್ಟಿದ ಶಾಖ ಪಕ್ಕದ ಜಾಗವನ್ನು ಕೆಡಿಸುತ್ತದೆ, ಅದು ಹಾಗೆಯೇ ಹರಡುತ್ತದೆ. 15 ಮೀಟರ್ ಉದ್ದದ ಒಂದೊಂದು ದ್ವಿಧ್ರುವ ಕಾಂತದಲ್ಲಿ ಸುಮಾರು 7 ಮೆಗಾಜೂಲ್ ಶಕ್ತಿ ತುಂಬಿರುತ್ತದೆ, ಅಂಥವು 1232 ಇವೆ. ಅಷ್ಟೂ ಶಕ್ತಿ ಒಂದೇ ಬಿಂದುವಿನಲ್ಲಿ ಶಾಖವಾದರೆ ಸುರುಳಿ ಕರಗುವುದು ಖಂಡಿತ. ಅದಕ್ಕಾಗಿ ವೋಲ್ಟೇಜಿನ ಸಣ್ಣ ಏರಿಕೆಯನ್ನೂ ಗುರುತಿಸುವ ವ್ಯವಸ್ಥೆ, ಕ್ವೆಂಚ್ ಕಂಡ ತಕ್ಷಣ ಇಡೀ ಸುರುಳಿಯನ್ನೇ ಬೇಕೆಂದು ಬಿಸಿಮಾಡಿ ಶಕ್ತಿಯನ್ನು ಎಲ್ಲೆಡೆ ಹಂಚಿಬಿಡುವ ಹೀಟರ್‌ಗಳು, ಉಳಿದ ಕಾಂತಗಳ ವಿದ್ಯುತ್ತನ್ನು ಕೆಟ್ಟ ಕಾಂತದಿಂದ ಬಳಸಿ ಕಳುಹಿಸುವ ಡಯೋಡ್‌ಗಳು, ಶಕ್ತಿಯನ್ನು ಹೊರಗಿನ ರೋಧಕಗಳಿಗೆ ಸುರಿಯುವ ಏರ್ಪಾಡು, ಇವೆಲ್ಲ ಇರಬೇಕು.

ಇದರ ಗಂಭೀರತೆಯನ್ನು 2008ರ ಸೆಪ್ಟೆಂಬರ್ 19ರ ಘಟನೆ ಸಾಬೀತುಪಡಿಸಿತು. ಪ್ರೋಟಾನ್‌ಗಳು ಮೊದಲ ಬಾರಿಗೆ ಎಲ್‌ಎಚ್‌ಸಿಯನ್ನು ಸುತ್ತಿ ಬರೀ ಒಂಬತ್ತು ದಿನಗಳಾಗಿದ್ದವು. ಕಿರಣವಿಲ್ಲದೆ ಕಾಂತಗಳ ವಿದ್ಯುತ್ತನ್ನು ಏರಿಸುತ್ತಿದ್ದಾಗ, 8700 ಆಂಪಿಯರ್ ತಲುಪಿದ ವೇಳೆಗೆ, ಎರಡು ಕಾಂತಗಳ ನಡುವಿನ ಒಂದು ಬೆಸುಗೆ ಕೈಕೊಟ್ಟಿತು. ಸರಿಯಾಗಿ ಬೆಸೆದ ಕೀಲಿನ ರೋಧ ಒಂದು ನ್ಯಾನೋಓಮ್‌ಗಿಂತ ಕಡಿಮೆ ಇರುತ್ತದೆ. ತನಿಖೆ ನಡೆಸಿದವರ ಅಂದಾಜಿನಂತೆ ಆ ಕೀಲಿನದು ಸುಮಾರು 220 ನ್ಯಾನೋಓಮ್. ವಿದ್ಯುತ್ತಿನ ವರ್ಗವನ್ನು ರೋಧದಿಂದ ಗುಣಿಸಿ ನೋಡಿ: ಬರುವುದು 17 ವಾಟ್‌ಗೂ ಕಡಿಮೆ, ಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು. ಅಷ್ಟು ಶಾಖಕ್ಕೆ ಕೀಲು ತನ್ನ ಮಿತಿ ದಾಟಿತು. ಪಕ್ಕದ ತಾಮ್ರದೊಡನೆ ಬೆಸುಗೆ ಸರಿಯಾಗಿ ಕೂಡಿರದ ಕಾರಣ ವಿದ್ಯುತ್ತಿಗೆ ಬದಲಿ ದಾರಿ ಸಿಗಲಿಲ್ಲ. ಕೀಲು ಕಡಿದು ವಿದ್ಯುತ್ ಕಿಡಿ ಹೊತ್ತಿಕೊಂಡು ಹೀಲಿಯಂ ಪಾತ್ರೆಯನ್ನು ತೂತು ಮಾಡಿತು. ದ್ರವ ಹೀಲಿಯಂ ನಿರ್ವಾತದ ಕವಚದೊಳಗೆ ನುಗ್ಗಿ ಅನಿಲವಾಗಿ ಹಿಗ್ಗಿದ ಒತ್ತಡಕ್ಕೆ ಹತ್ತಾರು ಟನ್ ತೂಕದ ಕಾಂತಗಳು ಬುಡದ ಆಧಾರಗಳಿಂದ ಕಿತ್ತು ಜರುಗಿದವು. ಒಟ್ಟು ಸುಮಾರು 6 ಟನ್ ಹೀಲಿಯಂ ನಷ್ಟವಾಯಿತು, 53 ಕಾಂತಗಳನ್ನು ಸುರಂಗದಿಂದ ಮೇಲಕ್ಕೆ ತರಬೇಕಾಯಿತು, ಯಂತ್ರದಲ್ಲಿ ಮತ್ತೆ ಕಿರಣ ಸುತ್ತಿದ್ದು 2009ರ ನವೆಂಬರಿನಲ್ಲಿ. 2012ರಲ್ಲಿ ಹಿಗ್ಸ್ ಕಣವನ್ನು ಕಂಡಾಗಲೂ ಯಂತ್ರ 4 ಟೆರಾ ಎಲೆಕ್ಟ್ರಾನ್‌ವೋಲ್ಟ್‌ನಲ್ಲೇ ಓಡುತ್ತಿತ್ತು. 2013ರಿಂದ ಎರಡು ವರ್ಷ ನಿಲ್ಲಿಸಿ ಸುಮಾರು ಹತ್ತು ಸಾವಿರ ಕೀಲುಗಳನ್ನು ಬಲಪಡಿಸಿದ ನಂತರವೇ 6.5ಕ್ಕೂ, 2022ರಲ್ಲಿ 6.8ಕ್ಕೂ ಏರಿಸಲು ಸಾಧ್ಯವಾಯಿತು. ಅತಿವಾಹಕ ತಂತಿಗೆ ರೋಧವಿಲ್ಲ ನಿಜ, ಆದರೆ ತಂತಿಯನ್ನು ತಂತಿಗೆ ಜೋಡಿಸುವ ಕೈಕೆಲಸಕ್ಕೆ ರೋಧವಿದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಮೊದಲ ಪ್ರಶ್ನೆಯ ಉತ್ತರ ಚಿಕ್ಕದು. ಸುರುಳಿಯೊಳಗೆ ವಿದ್ಯುತ್ ನಷ್ಟವಾಗದಿದ್ದರೂ ಹೊರಗಿನಿಂದ ಸೋರಿ ಬರುವ ಶಾಖ ಮತ್ತು ಓಡುವ ಕಿರಣವೇ ಹೊಮ್ಮಿಸುವ ಶಾಖ ಇದ್ದೇ ಇರುತ್ತವೆ. ಅವನ್ನು 300 ಕೆಲ್ವಿನ್‌ನ ಹೊರಜಗತ್ತಿಗೆ ಎತ್ತಿಹಾಕಬೇಕು. ಕಾರ್ನೋ ನಿಯಮದಂತೆ ಒಂದು ವಾಟ್ ಶಾಖವನ್ನು 77 ಕೆಲ್ವಿನ್‌ನಿಂದ ಎತ್ತಲು ಕನಿಷ್ಠ 3 ವಾಟ್ ಸಾಕು, 20 ಕೆಲ್ವಿನ್‌ನಿಂದ 14, 4.5 ಕೆಲ್ವಿನ್‌ನಿಂದ 66, 1.9 ಕೆಲ್ವಿನ್‌ನಿಂದ 157 ವಾಟ್ ಬೇಕು. ಇದು ಆದರ್ಶ ಯಂತ್ರದ ಲೆಕ್ಕ; ನಿಜವಾದ ಸ್ಥಾವರಗಳಿಗೆ ಇದರ ಹಲವು ಪಟ್ಟು ತಗಲುತ್ತದೆ. ಎಲ್‌ಎಚ್‌ಸಿಯ ಶೈತ್ಯ ಸ್ಥಾವರಗಳೇ ಸುಮಾರು 40 ಮೆಗಾವಾಟ್ ವಿದ್ಯುತ್ ಬಳಸುವುದು ಈ ಕಾರಣದಿಂದ. ಹಾಗಿದ್ದೂ ತಾಮ್ರದ ಸುರುಳಿಗಳಿಂದ ಇದೇ ಶಕ್ತಿಯ ಯಂತ್ರವನ್ನು ಕಟ್ಟಿದ್ದರೆ ತಗಲುತ್ತಿದ್ದ ವಿದ್ಯುತ್ತಿನ ಮುಂದೆ ಇದು ಅತ್ಯಲ್ಪ.

ಅಂದಮೇಲೆ ದ್ರವ ಸಾರಜನಕದ ಅತಿವಾಹಕಗಳು ಎಷ್ಟು ಉಳಿತಾಯ ಮಾಡಿಸಬಲ್ಲವು ಎಂಬ ನಿಮ್ಮ ಆಸೆ ಸಹಜವಾದದ್ದೇ. 1986ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯುಲರ್ ತಾಮ್ರದ ಆಕ್ಸೈಡ್‌ಗಳಲ್ಲಿ ಅತಿವಾಹಕತೆಯನ್ನು ಕಂಡರು. ಮರುವರ್ಷ ಯಿಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ 90 ಕೆಲ್ವಿನ್‌ಗೂ ಮೇಲೆ ಅತಿವಾಹಕವಾಗುವುದು ಗೊತ್ತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಈ ವಸ್ತುವಿನ ಮೇಲೆ ಮೊದಲ ತಿಂಗಳುಗಳಲ್ಲೇ ಕೆಲಸ ಮಾಡಿತ್ತು. ಆದರೆ ಇವು ಲೋಹಗಳಲ್ಲ, ಪಿಂಗಾಣಿಯ ಜಾತಿಯವು. ಪೆಡಸಾಗಿರುವುದರಿಂದ ಎಳೆದರೆ ತಂತಿಯಾಗುವುದಿಲ್ಲ. ಅಕ್ಕಪಕ್ಕದ ಹರಳುಕಣಗಳ ದಿಕ್ಕು ಕೆಲವೇ ಡಿಗ್ರಿ ವ್ಯತ್ಯಾಸವಾದರೂ ಅವುಗಳ ನಡುವಿನ ಗಡಿಯಲ್ಲಿ ವಿದ್ಯುತ್ತಿನ ಹರಿವು ಕುಸಿಯುತ್ತದೆ. ಆದ್ದರಿಂದ ಮಿಶ್ರಲೋಹದ ತೆಳು ಪಟ್ಟಿಯ ಮೇಲೆ ಹಲವು ನಡುಪದರಗಳನ್ನು ಹಾಸಿ, ಅದರ ಮೇಲೆ ಒಂದೆರಡು ಮೈಕ್ರೋಮೀಟರ್ ದಪ್ಪದ ಅತಿವಾಹಕವನ್ನು, ಎಲ್ಲ ಹರಳುಗಳೂ ಒಂದೇ ದಿಕ್ಕಿಗೆ ಮುಖ ಮಾಡುವಂತೆ ಬೆಳೆಸಬೇಕು. ಅಂಥ ಪಟ್ಟಿಯ ಬೆಲೆ ನಯೋಬಿಯಂ-ಟೈಟಾನಿಯಂಗಿಂತ ಹಲವು ಪಟ್ಟು. ಮೇಲಾಗಿ 77 ಕೆಲ್ವಿನ್‌ನಲ್ಲಿ ಅದನ್ನು ತೀವ್ರ ಕಾಂತಕ್ಷೇತ್ರದಲ್ಲಿಟ್ಟರೆ ಸುಳಿಗಳು ಶಾಖದ ಕುಲುಕಾಟಕ್ಕೆ ಹಿಡಿತ ತಪ್ಪಿಸಿಕೊಳ್ಳುತ್ತವೆ, ಹೊರಬಲ್ಲ ವಿದ್ಯುತ್ ತೀರ ಇಳಿಯುತ್ತದೆ. ವೇಗವರ್ಧಕದ ಕಾಂತಕ್ಕೆ ಬೇಕಾದ ಸಾಮರ್ಥ್ಯ ಬರಬೇಕಾದರೆ ಈ ವಸ್ತುವನ್ನೂ 20 ಕೆಲ್ವಿನ್ ಅಥವಾ ಅದಕ್ಕಿಂತ ಕೆಳಗೆ ಇಳಿಸಲೇಬೇಕು. ಇನ್ನೊಂದು ತೊಡಕು ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತರಿಸುವಂಥದ್ದು: ಈ ಪಟ್ಟಿಗಳಲ್ಲಿ ಕ್ವೆಂಚ್ ತುಂಬ ನಿಧಾನವಾಗಿ ಹರಡುತ್ತದೆ. ಕೇಳಲು ಒಳ್ಳೆಯದೆನಿಸಬಹುದು, ವಾಸ್ತವದಲ್ಲಿ ಶಾಖವೆಲ್ಲ ಒಂದೇ ಕಡೆ ಕೂಡಿಬಿಡುತ್ತದೆ, ವೋಲ್ಟೇಜ್ ಏರಿಕೆ ಕಣ್ಣಿಗೆ ಬೀಳುವಷ್ಟರಲ್ಲಿ ಪಟ್ಟಿ ಸುಟ್ಟಿರುತ್ತದೆ.

ಇದರಿಂದ ಈ ವಸ್ತುಗಳು ವೇಗವರ್ಧಕದಲ್ಲಿ ಇಲ್ಲವೇ ಇಲ್ಲವೆಂದು ತಿಳಿಯಬೇಡಿ. ಹೊರಗಿನ ತಾಮ್ರದ ಕೇಬಲ್‌ನಿಂದ ಒಳಗಿನ ತಣ್ಣನೆಯ ಸುರುಳಿಗೆ ವಿದ್ಯುತ್ತನ್ನು ಇಳಿಸುವ ಸಾವಿರಕ್ಕೂ ಹೆಚ್ಚು ಕೊಂಡಿಗಳಲ್ಲಿ ಎಲ್‌ಎಚ್‌ಸಿಯು ಬಿಸ್ಮತ್ ಆಧಾರಿತ ಅತಿವಾಹಕ ಪಟ್ಟಿಯನ್ನೇ ಬಳಸುತ್ತದೆ, ಏಕೆಂದರೆ ಅದು ವಿದ್ಯುತ್ತನ್ನು ಹೊರುತ್ತದೆ, ಶಾಖವನ್ನು ಒಳಗೆ ಬಿಡುವುದು ಕಡಿಮೆ. 2001ರಲ್ಲಿ ಜಪಾನಿನಲ್ಲಿ ಕಂಡುಹಿಡಿದ, 39 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಮೆಗ್ನೀಸಿಯಂ ಡೈಬೋರೈಡ್‌ನ ಕೇಬಲ್‌ಗಳು ಅದೇ ಯಂತ್ರದ ಉನ್ನತೀಕರಣದಲ್ಲಿ ಸ್ಥಾನ ಪಡೆದಿವೆ. ಎರಡೂ ಕಡೆ ಕಾಂತಕ್ಷೇತ್ರ ಕಡಿಮೆ ಇರುವುದನ್ನು ಗಮನಿಸಿ. ವಸ್ತುವಿನ ಬಲ ಎಲ್ಲಿದೆಯೋ ಅಲ್ಲಿಗೆ ಅದನ್ನು ಹಾಕಿದ್ದಾರೆ.

ಕ್ಷೇತ್ರ ಹೆಚ್ಚಿರುವ ಕಡೆಗೆ ಈಗ ಬರುತ್ತಿರುವುದು 1961ರ ಆ ಹಳೆಯ ನಯೋಬಿಯಂ-ತವರವೇ. ಎಲ್‌ಎಚ್‌ಸಿಯ ಉನ್ನತೀಕರಣದಲ್ಲಿ, ಘರ್ಷಣೆಯ ಸ್ಥಳಕ್ಕೆ ಮುನ್ನ ಕಿರಣವನ್ನು ಹಿಂಡಿ ಸಣ್ಣದಾಗಿಸುವ ಕಾಂತಗಳ ಸುರುಳಿಗೆ ಇದನ್ನು ಬಳಸಲಾಗಿದೆ; ಸುರುಳಿಯ ಮೇಲಿನ ಗರಿಷ್ಠ ಕ್ಷೇತ್ರ 11 ಟೆಸ್ಲಾ ದಾಟುತ್ತದೆ. ಈ ಸಂಯುಕ್ತವೂ ಪೆಡಸು. ಆದ್ದರಿಂದ ನಯೋಬಿಯಂ ಮತ್ತು ತವರ ಇನ್ನೂ ಬೇರೆ ಬೇರೆಯಾಗಿರುವಾಗಲೇ ತಂತಿಯನ್ನು ಸುರುಳಿಯಾಗಿ ಸುತ್ತಿ, ಇಡೀ ಸುರುಳಿಯನ್ನು ಕುಲುಮೆಯಲ್ಲಿ ಸುಮಾರು 650 ಡಿಗ್ರಿ ಸೆಲ್ಸಿಯಸ್‌ವರೆಗೆ ದಿನಗಟ್ಟಲೆ ಕಾಯಿಸಿ ಅವೆರಡೂ ಕೂಡುವಂತೆ ಮಾಡುತ್ತಾರೆ. ಆಮೇಲೆ ಅದನ್ನು ಬಗ್ಗಿಸುವಂತಿಲ್ಲ, ಹಿಸುಕುವಂತಿಲ್ಲ. ಫರ್ಮಿ ಪ್ರಯೋಗಾಲಯದಲ್ಲಿ ಈ ವಸ್ತುವಿನ ಒಂದು ಮೀಟರ್ ಉದ್ದದ ಪ್ರಾಯೋಗಿಕ ದ್ವಿಧ್ರುವ ಕಾಂತ 14.5 ಟೆಸ್ಲಾವನ್ನು ಮುಟ್ಟಿದೆ. ಒಂದು ಕಾಂತ ಮುಟ್ಟುವುದಕ್ಕೂ ಸಾವಿರಾರು ಕಾಂತಗಳು ವರ್ಷಗಟ್ಟಲೆ ಒಂದೇ ಸಮನೆ ದುಡಿಯುವುದಕ್ಕೂ ನಡುವಿನ ಅಂತರ ದೊಡ್ಡದು. ಸರ್ನ್ ಆಲೋಚಿಸುತ್ತಿರುವ 91 ಕಿಲೋಮೀಟರ್ ಸುತ್ತಳತೆಯ ಮುಂದಿನ ಪ್ರೋಟಾನ್ ಯಂತ್ರದ ಭವಿಷ್ಯ ಆ ಅಂತರವನ್ನು ದಾಟುವುದರ ಮೇಲೆ ನಿಂತಿದೆ.

ಇಲ್ಲಿಯವರೆಗೆ ಹೇಳಿದ್ದು ಕಿರಣವನ್ನು ಬಾಗಿಸುವ ಕಾಂತಗಳ ಮಾತು. ಕಣಕ್ಕೆ ವೇಗ ಕೊಡುವ ಕೆಲಸ ಬೇರೆಯದು. ಅದು ರೇಡಿಯೋ ತರಂಗಗಳನ್ನು ತುಂಬಿದ ಲೋಹದ ಕುಹರಗಳಲ್ಲಿ ನಡೆಯುತ್ತದೆ. ಇಲ್ಲಿ ಪಠ್ಯಪುಸ್ತಕದ ಮಾತಿಗೆ ಒಂದು ತಿದ್ದುಪಡಿ ಬೇಕು. ರೋಧ ಸೊನ್ನೆ ಎನ್ನುವುದು ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿಗೆ ಮಾತ್ರ ಪೂರ್ತಿ ಸತ್ಯ. ಸೆಕೆಂಡಿಗೆ ನೂರು ಕೋಟಿಗೂ ಹೆಚ್ಚು ಬಾರಿ ದಿಕ್ಕು ಬದಲಿಸುವ ಕ್ಷೇತ್ರದಲ್ಲಿ ರೋಧವಿಲ್ಲದೆ ವಿದ್ಯುತ್ ಹೊರುವ ಎಲೆಕ್ಟ್ರಾನ್ ಜೋಡಿಗಳು (ಕೂಪರ್ ಜೋಡಿಗಳು) ತಮ್ಮ ಜಡತ್ವದಿಂದಾಗಿ ಕ್ಷೇತ್ರವನ್ನು ಪೂರ್ತಿ ತಡೆಯಲಾರವು; ಜೋಡಿಯಾಗದೆ ಉಳಿದ ಎಲೆಕ್ಟ್ರಾನ್‌ಗಳು ಆ ಕ್ಷೇತ್ರಕ್ಕೆ ಸಿಕ್ಕಿ ಅಷ್ಟಿಷ್ಟು ಶಾಖ ಹುಟ್ಟಿಸುತ್ತವೆ. ತಾಪಮಾನ ಇಳಿದಂತೆ ಅಂಥ ಎಲೆಕ್ಟ್ರಾನ್‌ಗಳ ಸಂಖ್ಯೆ ಇಳಿಯುವುದರಿಂದ 2 ಕೆಲ್ವಿನ್‌ನಲ್ಲಿ ನಯೋಬಿಯಂ ಕುಹರದ ಮೇಲ್ಮೈಯ ರೋಧ ಹತ್ತು ನ್ಯಾನೋಓಮ್ ಆಸುಪಾಸಿಗೆ ಬರುತ್ತದೆ, ತಾಮ್ರದ ಕುಹರದ ರೋಧದ ಹತ್ತು ಲಕ್ಷದಲ್ಲಿ ಒಂದು ಪಾಲು. ಎಲ್‌ಎಚ್‌ಸಿಯಲ್ಲಿ ಪ್ರತಿ ಕಿರಣಕ್ಕೆ ಎಂಟೇ ಅತಿವಾಹಕ ಕುಹರಗಳಿವೆ. ಪ್ರೋಟಾನ್ ಒಂದು ಸುತ್ತಿಗೆ ಸುಮಾರು ಅರ್ಧ ಮೆಗಾ ಎಲೆಕ್ಟ್ರಾನ್‌ವೋಲ್ಟ್ ಗಳಿಸುತ್ತ, ಸೆಕೆಂಡಿಗೆ 11,245 ಸುತ್ತು ಹಾಕುತ್ತ, ಇಪ್ಪತ್ತು ನಿಮಿಷಗಳಲ್ಲಿ ಪೂರ್ಣ ಶಕ್ತಿಗೆ ಏರುತ್ತದೆ. ನೇರ ವೇಗವರ್ಧಕದಲ್ಲಿ ಕಣ ಒಂದೇ ಸಲ ಹಾದುಹೋಗುವುದರಿಂದ ಕುಹರಗಳೇ ಸರ್ವಸ್ವ. ಹ್ಯಾಂಬರ್ಗ್‌ನಲ್ಲಿ 2017ರಿಂದ ಓಡುತ್ತಿರುವ 3.4 ಕಿಲೋಮೀಟರ್ ಉದ್ದದ ಯುರೋಪಿಯನ್ ಎಕ್ಸ್‌ಎಫ್‌ಇಎಲ್ ಎಂಬ ಎಕ್ಸ್-ಕಿರಣ ಲೇಸರ್ ಯಂತ್ರದಲ್ಲಿ ಅವು ಏಳುನೂರಕ್ಕೂ ಹೆಚ್ಚು. ಕುಹರದ ಒಳಮೈಯಲ್ಲಿ ಕಣ್ಣಿಗೆ ಕಾಣದ ಧೂಳಿನ ಕಣವೊಂದು ಉಳಿದರೂ ಅಲ್ಲಿಂದ ಎಲೆಕ್ಟ್ರಾನ್‌ಗಳು ಚಿಮ್ಮಿ ಕೆಲಸ ಕೆಡುತ್ತದೆ. ಅದಕ್ಕಾಗಿ ಆಮ್ಲದಿಂದ ಹೊಳಪು ಕೊಟ್ಟು, ಅತಿಶುದ್ಧ ನೀರನ್ನು ಭಾರಿ ಒತ್ತಡದಲ್ಲಿ ಚಿಮ್ಮಿಸಿ ತೊಳೆದು, ಧೂಳಿಲ್ಲದ ಕೋಣೆಯೊಳಗೇ ಜೋಡಿಸುತ್ತಾರೆ. ತಣಿಸುವಾಗ ಭೂಮಿಯ ಕಾಂತಕ್ಷೇತ್ರ ಕೂಡ ಒಳಗೆ ಸಿಕ್ಕಿಕೊಳ್ಳಬಾರದೆಂದು ಸುತ್ತ ಕವಚ ಹೊದಿಸುತ್ತಾರೆ.

ಕೋಣೆಯ ತಾಪಮಾನದ ಅತಿವಾಹಕದ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಹೈಡ್ರೋಜನ್ ಹೆಚ್ಚಿರುವ ಕೆಲವು ಸಂಯುಕ್ತಗಳು 200ರಿಂದ 250 ಕೆಲ್ವಿನ್‌ವರೆಗೂ ಅತಿವಾಹಕವಾಗುವುದು 2015ರಿಂದೀಚೆಗೆ ಕಂಡುಬಂದಿದೆ, ಆದರೆ ವಾತಾವರಣದ ಹತ್ತು ಲಕ್ಷ ಪಟ್ಟಿಗೂ ಮೀರಿದ ಒತ್ತಡದಲ್ಲಿ, ಎರಡು ವಜ್ರಗಳ ತುದಿಗಳ ನಡುವೆ. ಎಲ್‌ಕೆ-99 ಎಂಬ ವಸ್ತು ಕೋಣೆಯ ತಾಪಮಾನದಲ್ಲೇ ಅತಿವಾಹಕ ಎಂದು 2023ರಲ್ಲಿ ಕೊರಿಯಾದಿಂದ ಬಂದ ಸುದ್ದಿ ಮರುಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ನಾಳೆ ನಿಜವಾಗಿಯೂ ಅಂಥ ವಸ್ತು ಸಿಕ್ಕಿದರೆ ವಿದ್ಯುತ್ ಸಾಗಣೆಗೆ ಅದು ವರದಾನವಾದೀತು. ವೇಗವರ್ಧಕದವರು ಮಾತ್ರ ಅದನ್ನು ಮೊದಲು ತಣಿಸಿಯೇ ನೋಡುತ್ತಾರೆ, ಏಕೆಂದರೆ ಯಾವ ಅತಿವಾಹಕವೂ ತನ್ನ ಮಿತಿಯ ತಾಪಮಾನದ ಅಂಚಿನಲ್ಲಿ ಹೆಚ್ಚು ಕ್ಷೇತ್ರವನ್ನೂ ಹೆಚ್ಚು ವಿದ್ಯುತ್ತನ್ನೂ ತಾಳದು. ಕುಹರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸುರಂಗ, ನಿರ್ವಾತ, ಉಕ್ಕಿನ ಬಿಗಿಪಟ್ಟಿ, ಕ್ವೆಂಚ್ ರಕ್ಷಣೆ ಇವುಗಳ ವೆಚ್ಚ ಹಾಗೆಯೇ ಇರುತ್ತದೆ. 20 ಕೆಲ್ವಿನ್‌ನಲ್ಲಿ 15-20 ಟೆಸ್ಲಾವನ್ನು ತಾಳುವ, ಬೆಲೆ ಇಳಿದ, ಕ್ವೆಂಚ್‌ಗೆ ಸುಡದ ಒಂದು ಕೇಬಲ್ ಸಿಕ್ಕಿದರೆ ಈ ಕ್ಷೇತ್ರಕ್ಕೆ ಅದೇ ಹೆಚ್ಚಿನ ಲಾಭವೆಂದು ನಾನು ನಂಬುತ್ತೇನೆ.

ನಮ್ಮ ದೇಶದ ಕೆಲಸದ ಬಗ್ಗೆ ಕೇಳಿದ್ದೀರಿ. ಎಲ್‌ಎಚ್‌ಸಿಗಾಗಿ ಇಂದೋರಿನ ರಾಜಾ ರಾಮಣ್ಣ ಕೇಂದ್ರದ ನೇತೃತ್ವದಲ್ಲಿ ಭಾರತವು ಕಾಂತಕ್ಷೇತ್ರದ ಸಣ್ಣ ದೋಷಗಳನ್ನು ತಿದ್ದುವ ಸಾವಿರಕ್ಕೂ ಹೆಚ್ಚು ಅತಿವಾಹಕ ಕಾಂತಗಳನ್ನೂ, ಕ್ವೆಂಚ್ ಹೀಟರ್‌ಗಳಿಗೆ ವಿದ್ಯುತ್ ಕೊಡುವ ಸಾವಿರಾರು ಘಟಕಗಳನ್ನೂ ಒದಗಿಸಿದೆ. ದ್ವಿಧ್ರುವ ಕಾಂತಗಳನ್ನು ಸೂಕ್ಷ್ಮವಾಗಿ ಎತ್ತಿ ಸರಿಸಿ ನಿಲ್ಲಿಸುವ ಸುಮಾರು ಏಳು ಸಾವಿರ ಜ್ಯಾಕ್‌ಗಳೂ ಇಲ್ಲಿಂದಲೇ ಹೋದವು. ಅವುಗಳಲ್ಲಿ ಒಂದು ಪಾಲು ಬೆಂಗಳೂರಿನಲ್ಲಿ ತಯಾರಾದದ್ದು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ನಯೋಬಿಯಂ ಕುಹರಗಳನ್ನು ಸ್ವತಃ ಬೆಸೆದು, ಹೊಳಪಿಸಿ, ತಮ್ಮದೇ ನೇರ ವೇಗವರ್ಧಕದಲ್ಲಿ ಓಡಿಸುತ್ತಿದ್ದಾರೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಯಂತ್ರದಲ್ಲಿ ತಾಮ್ರದ ಮೇಲೆ ಸೀಸ ಲೇಪಿಸಿದ ಕುಹರಗಳಿವೆ. ಕೊಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರದಲ್ಲಿ ಅತಿವಾಹಕ ಸೈಕ್ಲೋಟ್ರಾನ್ ಇದೆ. ಫರ್ಮಿ ಪ್ರಯೋಗಾಲಯದಲ್ಲಿ ಕಟ್ಟುತ್ತಿರುವ ಪಿಐಪಿ-2 ಎಂಬ ಪ್ರೋಟಾನ್ ವೇಗವರ್ಧಕಕ್ಕೂ ನಮ್ಮ ಅಣುಶಕ್ತಿ ಇಲಾಖೆಯ ಸಂಸ್ಥೆಗಳು ಪಾಲುದಾರರು. ಭಾರತವು 2017ರಿಂದ ಸರ್ನ್‌ನ ಸಹ ಸದಸ್ಯ ರಾಷ್ಟ್ರವಾಗಿರುವುದರಿಂದ ಅಲ್ಲಿನ ವಿದ್ಯಾರ್ಥಿ ಕಾರ್ಯಕ್ರಮಗಳಿಗೂ ಹುದ್ದೆಗಳಿಗೂ ನಮ್ಮವರು ಅರ್ಜಿ ಹಾಕಬಹುದು. ಬಿ.ಎಸ್ಸಿ. ಮುಗಿಸುವ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶೈತ್ಯ ತಂತ್ರಜ್ಞಾನ ಕೇಂದ್ರವನ್ನು ನಿಮ್ಮ ಅಧ್ಯಾಪಕರ ಮೂಲಕ ಅನುಮತಿ ಪಡೆದು ನೋಡಲು ಪ್ರಯತ್ನಿಸಿ. ಹೀಲಿಯಂ ಅನಿಲವನ್ನು ದ್ರವವಾಗಿಸುವ ಸ್ಥಾವರವನ್ನು ಎದುರಿಗೆ ಕಂಡರೆ ಕಾರ್ನೋ ಲೆಕ್ಕದ ಆ 66 ವಾಟ್ ಏನೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.